ಹಿಂಬದಿಯ ನೇರಳೆ ಸೀಲು

ಗೋಡೆಯ ಮೇಲಿನ ಹಳೆಯ ಫೋಟೋಗಳನ್ನು ಎಲ್ಲರೂ ಎದುರಿನಿಂದ ನೋಡುತ್ತಾರೆ. ನನಗೆ ಅವುಗಳ ಬೆನ್ನು ನೋಡುವ ಚಾಳಿ. ಸುಣ್ಣ ಬಳಿಯಲೆಂದು ಚೌಕಟ್ಟುಗಳನ್ನು ಇಳಿಸಿದಾಗ, ಗೆದ್ದಲು ಮುಟ್ಟದೆ ಬಿಟ್ಟ ರಟ್ಟಿನ ಮೇಲೆ ನೇರಳೆ ಶಾಯಿಯ ರಬ್ಬರ್ ಸೀಲು ಕಾಣುತ್ತಿತ್ತು: ಸ್ಟುಡಿಯೋದ ಹೆಸರು, ಕುಂದಾಪುರ, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದ ನೆಗೆಟಿವ್ ನಂಬರು. ನೆಂಟರ ಮನೆಗೆ ಹೋದರೂ ಇದೇ ಕೆಲಸ. ಬಾರ್ಕೂರಿನ ಅತ್ತೆ ಮನೆಯಲ್ಲಿ ಅದೇ ಸೀಲು, ಉಪ್ಪುಂದದ ಚಿಕ್ಕಮ್ಮನ ಮನೆಯಲ್ಲಿ ಅದೇ ಸೀಲು, ಶಿರೂರಿನ ಯಾರದೋ ಗೃಹಪ್ರವೇಶದಲ್ಲೂ ಅದೇ. ಈಗ ಈ ಊರುಗಳು ಬೈಂದೂರು, ಬ್ರಹ್ಮಾವರ ಎಂದು ಬೇರೆ ಬೇರೆ ತಾಲೂಕುಗಳಿಗೆ ಸೇರಿವೆ. ಆ ಸೀಲಿಗೆ ಮಾತ್ರ ಗಡಿ ಇರಲಿಲ್ಲ.

ಆ ಕಾಲದ ಹುಡುಗರಿಗೆ ಗಾವಸ್ಕರ್, ರಾಜಕುಮಾರ್ ಹೀರೋಗಳಾದರೆ ನನಗೆ ಈ ಸೀಲಿನವರು. ಮುಖ ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಅವರ ಮುಖ ನೆನಪಿರಲಿಲ್ಲ. ಕ್ಯಾಮೆರಾದ ಹಿಂದೆ ತಲೆ ತಗ್ಗಿಸಿ ನಿಂತಿದ್ದರು ಎಂದು ಅಬ್ಬಿ ಹೇಳುತ್ತಿದ್ದರು. ಎರಡು ಲೆನ್ಸಿನ ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕಿತ್ತಲ್ಲ, ಹಾಗಾಗಿ ಗಿರಾಕಿಗೆ ಕಾಣುತ್ತಿದ್ದುದು ಬೈತಲೆ ಮಾತ್ರ.

ದೊಡ್ಡವನಾದ ಮೇಲೆ ಯಾರಾದರೂ ಕೇಳಿದರೆ ಹೇಳಲೆಂದು ಇನ್ನೊಬ್ಬ ಹೀರೋನನ್ನು ಇಟ್ಟುಕೊಂಡೆ: ಮೈಸೂರಿನ ಟಿ.ಎಸ್. ಸತ್ಯನ್. 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಶುರುವಾದ ವರ್ಷವೇ ಅದರ ಫೋಟೋಗ್ರಾಫರ್ ಆದವರು. ಮುಂದೆ ‘ಇಲ್ಲಸ್ಟ್ರೇಟೆಡ್ ವೀಕ್ಲಿ’, ‘ಲೈಫ್’, ಯುನಿಸೆಫ್ ಎಂದು ದೊಡ್ಡ ದೊಡ್ಡ ಕಡೆ ಕೆಲಸ ಮಾಡಿಯೂ ಹೆಸರಿಲ್ಲದ ಜನರ ಸಣ್ಣ ಸಂತೋಷಗಳನ್ನೇ ಹುಡುಕಿಕೊಂಡು ಹೋದವರು. 1979, ಮಕ್ಕಳ ವರ್ಷ. ಆಗ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ‘ಕಾಲಕ್ಕೆ ಕನ್ನಡಿ’ಯನ್ನು ಓದಿ, ಮೈಸೂರಿಗೆ ಹೋಗಿ ಒಮ್ಮೆ ಕಾಲಿಗೆ ಬೀಳಬೇಕು ಎಂದುಕೊಂಡೇ ಇದ್ದೆ. 2009ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಹಾಗಾಗಿ ಉಳಿದಿದ್ದ ಹೀರೋ ಸೀಲಿನವರು. ಸ್ಟುಡಿಯೋ ಮುಚ್ಚಿ ಆ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ವಿಚಾರಿಸುತ್ತ ಹೋದರೆ ಮನೆ ಸಿಕ್ಕಿತು, ಕೋಡಿಯ ದಾರಿಯಲ್ಲಿ, ತೆಂಗಿನ ತೋಟದ ಒಳಗೆ. ಅಜ್ಜಿಯ ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ ಹಳೆಯ ‘ಉದಯವಾಣಿ’ಯಲ್ಲಿ ಸುತ್ತಿಕೊಂಡು ಹೋಗಿದ್ದೆ.

“ಬನಿ, ಕೂಕಣಿ” ಎಂದವರು ಕನ್ನಡಕ ಏರಿಸಿ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದರು. ಅಜ್ಜಿಯ ಗುರುತು ಹತ್ತಲಿಲ್ಲ. ಊರಿನ ಹೆಸರು, ಮನೆತನ, ಯಾವುದನ್ನು ಹೇಳಿದರೂ ಹತ್ತಲಿಲ್ಲ. ಅಜ್ಜಿಯ ಎಡಗೆನ್ನೆಯನ್ನು ಬೆರಳಿನಿಂದ ತೋರಿಸಿ, “ಕಾಣಿ, ಮೋಡ ಬಂದಿತ್ತ್” ಎಂದರು. ಸ್ಟುಡಿಯೋಗೆ ಕರೆಂಟು ಬರುವ ಮೊದಲು ಮಾಡಿನ ಹಂಚುಗಳ ನಡುವೆ ಗಾಜಿನ ಹಂಚು ಕೂರಿಸಿ, ಅದರ ಬೆಳಕಿನಲ್ಲೇ ಫೋಟೋ ತೆಗೆಯುತ್ತಿದ್ದರಂತೆ. ಮೋಡ ಸರಿಯುವ ತನಕ ಮದುಮಗನೂ ಕಾಯಬೇಕು. ಅಜ್ಜಿ ಕಾಯಲಿಲ್ಲವೋ, ಬಸ್ಸಿಗೆ ಹೊತ್ತಾಗಿತ್ತೋ, ಆ ಕೆನ್ನೆಗೆ ಬಿದ್ದ ನೆರಳನ್ನು ಆಮೇಲೆ ಪೆನ್ಸಿಲ್ಲಿನಲ್ಲಿ ಎತ್ತಿದ್ದಾರೆ. ನೆಗೆಟಿವ್ ಮೇಲೆ ಸೀಸದ ಕಡ್ಡಿ ಆಡಿಸಿದರೆ ಪ್ರಿಂಟಿನಲ್ಲಿ ಅಲ್ಲಿ ಬೆಳ್ಳಗಾಗುತ್ತದೆ. ಅದೇ ಪೆನ್ಸಿಲ್ಲು ಅಜ್ಜಿಯ ಗಲ್ಲದ ಮೇಲಿನ ಮಚ್ಚೆಯನ್ನೂ ತಿಂದಿದೆ. ಮಚ್ಚೆಯಿಲ್ಲದ ಅಜ್ಜಿಗೆ ನಾವು ವರ್ಷವರ್ಷವೂ ಹಾರ ಹಾಕುತ್ತ ಬಂದಿದ್ದೇವೆ.

ಮಳೆಗಾಲದ ಕಥೆ ಬಂದಾಗ ಅವರಿಗೆ ಹುರುಪು. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಒಣಗುವುದು ಯಾವುದು? ಪ್ರಿಂಟೂ ಒಣಗುತ್ತಿರಲಿಲ್ಲ. ಲೆನ್ಸಿನೊಳಗೆ ಬೂಸಲು ಬಂದು ಜೇಡರ ಬಲೆಯಂತೆ ಹಬ್ಬುತ್ತಿತ್ತು. ಕ್ಯಾಮೆರಾವನ್ನು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದರು. ಬೇಸಿಗೆಗೆ ಇನ್ನೊಂದು ತಾಪತ್ರಯ: ಬಾವಿಗೆ ಉಪ್ಪು ಏರುತ್ತಿತ್ತು. ಚಿತ್ರ ನಿಲ್ಲಿಸುವ ಹೈಪೋ ದ್ರಾವಣದಲ್ಲಿ ಅದ್ದಿದ ಪ್ರಿಂಟನ್ನು ತೊಳೆಯುವುದಕ್ಕೆ ಆ ನೀರೇ ಗತಿ. ಉಪ್ಪುನೀರು ಹೈಪೋವನ್ನು ಬೇಗ ಬಿಡಿಸುತ್ತದೆ, ಆದರೆ ಕಡೆಯ ಒಂದು ತೊಳೆ ಸಿಹಿನೀರಿನದೇ ಆಗಬೇಕು, ಇಲ್ಲದಿದ್ದರೆ ಚಿತ್ರ ಮಾಸುತ್ತದೆ ಎಂದರು. ಛಾಯಾಗ್ರಹಣದ ಪುಸ್ತಕಗಳೂ ಇದನ್ನೇ ಹೇಳುತ್ತವೆ. ಇವರು ಅದನ್ನು ಗಿರಾಕಿಗಳ ಬೈಗುಳದಿಂದ ಕಲಿತಿದ್ದರು.

ನಾನು ಹೋದದ್ದು ನೆಗೆಟಿವ್‌ಗಾಗಿ. ಬೆನ್ನ ಮೇಲಿನ ನಂಬರನ್ನು ತೋರಿಸಿದೆ.

“ನೆಗೆಟಿವ್ ಎಲ್ಲ ಕೊಟ್ಟಾಯ್ತ್ ಮರಾಯ್ರೆ. ಬೆಳ್ಳಿ ತೆಗೂಕೆ ಬಪ್ಪವ್ರ್ ಇದ್ರ್, ಅವ್ರಿಗೆ.”

ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರ ಎನ್ನುವುದು ಬೆಳ್ಳಿಯೇ. ಬೆಳಕು ತಾಗಿದ ಕಡೆ ಡೆವಲಪರ್ ಅದನ್ನು ಕಪ್ಪು ಬೆಳ್ಳಿಯಾಗಿಸುತ್ತದೆ. ತಾಗದೆ ಉಳಿದ ಬೆಳ್ಳಿಯ ಲವಣವನ್ನು ಹೈಪೋ ಕರಗಿಸಿ ಒಯ್ಯುತ್ತದೆ. ಹೈಪೋದ ಈ ಗುಣವನ್ನು ಜಾನ್ ಹರ್ಷೆಲ್ 1819ರಲ್ಲೇ ಕಂಡಿದ್ದ, ಫೋಟೋ ಎಂಬುದು ಲೋಕಕ್ಕೆ ತಿಳಿದದ್ದು ಅದಾಗಿ 20 ವರ್ಷಕ್ಕೆ. ಬಳಸಿ ಬಿಟ್ಟ ಹೈಪೋದಿಂದಲೂ ಹಳೆಯ ನೆಗೆಟಿವ್‌ಗಳಿಂದಲೂ ಬೆಳ್ಳಿ ತೆಗೆಯಬಹುದು. ಒಂದು ರೋಲಿನಲ್ಲಿ ಸಿಗುವುದು ಗ್ರಾಮಿನ ಚೂರುಪಾರು. ಬಿಳಿ ಇದ್ದ ಕಡೆಯೇ ನೆಗೆಟಿವ್‌ನಲ್ಲಿ ಬೆಳ್ಳಿ ದಟ್ಟ. ಎಂದರೆ ವ್ಯಾಪಾರಿಗೆ ಲಾಭವಾದದ್ದು ನಮ್ಮಜ್ಜನ ಮುಖಕ್ಕಿಂತ ಅವರ ಪಂಚೆಯಿಂದ, ಅಜ್ಜಿಗಿಂತ ಅಜ್ಜಿ ಮುಡಿದ ಮಲ್ಲಿಗೆಯಿಂದ.

ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ. ಆದರೆ ಸಿಟ್ಟು ಮಾಡುವುದಾದರೆ ಇವರೊಬ್ಬರ ಮೇಲೆ ಏಕೆ? ದೇಶದ ಮೊದಲ ಮಾತಿನ ಸಿನಿಮಾ, 1931ರ ‘ಆಲಂ ಆರಾ’, ಇಂದು ಒಂದು ಪ್ರತಿಯೂ ಉಳಿದಿಲ್ಲ. ಪುಣೆಯ ಫಿಲ್ಮ್ ಆರ್ಕೈವ್ ಕಟ್ಟಿದ ಪಿ.ಕೆ. ನಾಯರ್ ಅದನ್ನು ಹುಡುಕಿಕೊಂಡು, ಆ ಚಿತ್ರ ತೆಗೆದ ಅರ್ದೇಶಿರ್ ಇರಾನಿಯ ಮನೆಗೇ ಹೋಗಿದ್ದರು. ರೀಲುಗಳನ್ನು ಬೆಳ್ಳಿಗೆ ಕೊಟ್ಟಾಯಿತು ಎಂದು ಮಗನೇ ಹೇಳಿದನಂತೆ. ನಮ್ಮ ಕೋಟದ ಶಿವರಾಮ ಕಾರಂತರೂ ಕ್ಯಾಮೆರಾದ ಹುಚ್ಚು ಹತ್ತಿಸಿಕೊಂಡವರು. 1930ರ ಹೊತ್ತಿಗೆ ‘ಡೊಮಿಂಗೊ’ ಎಂಬ ಮೂಕಿ ಚಿತ್ರ ತೆಗೆದಿದ್ದರು. ಕಾರಂತರ ಯಕ್ಷಗಾನದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಸಾಲಿಗ್ರಾಮದಲ್ಲಿ ಬೇಕಾದಷ್ಟು ಸಿಗುತ್ತಾರೆ, ‘ಡೊಮಿಂಗೊ’ ನೋಡಿದೆ ಎಂದವರು ನನಗೆ ಒಬ್ಬರೂ ಸಿಕ್ಕಿಲ್ಲ.

ಕಾಪಿಟ್ಟವರೂ ಇದ್ದಾರೆ. ಹೊನ್ನಾವರದ ಕೃಷ್ಣಾನಂದ ಕಾಮತರು ಕರಾವಳಿಯ ಗುಡಿಗಳ ಗೋಡೆಯ ಕಾವಿ ಚಿತ್ರಗಳನ್ನು ಊರೂರು ತಿರುಗಿ ಫೋಟೋ ತೆಗೆದರು. ಕಾವಿಯ ಮೇಲೆ ಪೇಂಟು ಹೊಡೆಸಿ ಜೀರ್ಣೋದ್ಧಾರ ಎನ್ನುವ ಊರು ನಮ್ಮದು, ಆ ಕೆಲಸದ ಬೆಲೆ ಗೊತ್ತಾಗಬೇಕಾದರೆ ಇಂಥ ಒಂದು ಜೀರ್ಣೋದ್ಧಾರ ನೋಡಬೇಕು. ಅವರ ಚಿತ್ರಗಳನ್ನು ಮನೆಯವರು ಅಂತರ್ಜಾಲಕ್ಕೆ ಏರಿಸಿ ಉಳಿಸಿದ್ದಾರೆ. ಈ ಮಾತನ್ನು ಸೀಲಿನವರ ಮುಂದೆ ಸ್ವಲ್ಪ ಚುಚ್ಚುವ ಹಾಗೆಯೇ ಹೇಳಿದೆ.

ಅವರಿಗೆ ಚುಚ್ಚಲಿಲ್ಲ. “ಫೋಟೋ ನಿಮ್ಮನಿ ಗೋಡಿ ಮೇಲ್ ಇತ್ತಲ್ದಾ? ಮತ್ತೆಂತಕೆ ನೆಗೆಟಿವ್?” ಅವರ ಲೆಕ್ಕದಲ್ಲಿ ಪ್ರಿಂಟು ಮನೆ ಸೇರಿದ ಕೂಡಲೇ ಕೆಲಸ ಮುಗಿಯಿತು. ಕಾಮತರು ತೆಗೆದದ್ದು ತಮ್ಮ ಹುಡುಕಾಟಕ್ಕೆ, ಇವರು ತೆಗೆದದ್ದು ಕಾಸು ಕೊಟ್ಟ ಗಿರಾಕಿಗೆ. ನನಗೆ ಆ ಲೆಕ್ಕ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಬಾರ್ಕೂರಿನಿಂದ ಶಿರೂರಿನ ತನಕ ಅವರ ಸೀಲು ಬೆನ್ನಿಗಿರುವ ಗೋಡೆಗಳಿವೆ, ಅವಕ್ಕಿಂತ ದೊಡ್ಡ ಆರ್ಕೈವ್ ಅವರ ಕಪಾಟು ಆಗುತ್ತಿತ್ತೇ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಒಳಗಿನಿಂದ ಅವರ ಹೆಂಡತಿ ತಣ್ಣಗಿನ ಮಜ್ಜಿಗೆ ತಂದರು. “ಆ ದುಡ್ಡಂಗೇ ಫ್ರಿಜ್ ತಂದದ್ದ್. ಇನ್ನೂ ಹಾಳಾಯ್ಲ” ಎಂದರು. ಅದರಲ್ಲಿ ನಮ್ಮಜ್ಜಿಯ ಪಾಲೂ ಇರಬೇಕು ಎಂದುಕೊಂಡು ಲೋಟ ಖಾಲಿ ಮಾಡಿದೆ.

ಹೊರಡುವಾಗ ಒಂದು ಫೋಟೋ ತೆಗೆಯಲೇ ಎಂದು ಕೇಳಿದೆ. ಒಪ್ಪಿದರು, ಆದರೆ ಕೂರುವ ಜಾಗ ಅವರದೇ ಆಯ್ಕೆ: ಜಗಲಿಯ ಕಂಬಕ್ಕೆ ಅರ್ಧ ತಿರುಗಿ, ಬೆಳಕು ಎಡಗಡೆಯಿಂದ ಬೀಳುವಂತೆ. ನನ್ನ ಕೈ ಎರಡು ಇಂಚು ಕೆಳಗಿಳಿಯಬೇಕು ಎಂದರು. ಇಳಿಸಿದೆ. ಮೊಬೈಲಿನಲ್ಲಿ ತೋರಿಸಹೋದರೆ ನೋಡಲಿಲ್ಲ. “ಪ್ರಿಂಟ್ ಹಾಕ್ಸಿ ತಕಂಡ್ ಬನಿ” ಎಂದರು.

ಶಾಸ್ತ್ರಿ ಸರ್ಕಲ್ಲಿನ ಹತ್ತಿರದ ಲ್ಯಾಬಿನಲ್ಲಿ ಕಂಪ್ಯೂಟರಿನ ಮುಂದೆ ಕೂತ ಹುಡುಗ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. “ಅಜ್ಜರ ಮುಖ ಸ್ವಲ್ಪ ಬೆಳ್ಳಗೆ ಮಾಡುದಾ ಸರ್?” ಎಂದು ಕೇಳಿದ. ಬೇಡ ಎಂದೆ. ಸಂಜೆ ಪ್ರಿಂಟು ತರಲು ಹೋದಾಗ ನೋಡಿದರೆ, ಸ್ವಲ್ಪ ಮಾಡಿದ್ದ.