ಸೇತುವೆಯ ಹಗ್ಗಕ್ಕೆ ಸತುವಿನ ಹೊದಿಕೆ



ನಿಮ್ಮ ಬಾವಿಕಟ್ಟೆಯಲ್ಲೋ ಬಚ್ಚಲಲ್ಲೋ ಹಳೆಯ ತಗಡಿನ ಬಕೆಟ್ ಇದ್ದರೆ ಒಮ್ಮೆ ನೋಡಿ. ದಿನವೂ ನೀರಿನಲ್ಲಿ ನೆನೆದರೂ ಅದು ಬೇಗನೆ ತುಕ್ಕು ಹಿಡಿಯುವುದಿಲ್ಲ. ಅದರ ಮೈಮೇಲಿರುವ ಸತುವಿನ ತೆಳು ಲೇಪವೇ ಇದಕ್ಕೆ ಕಾರಣ. ಅಂತಹದೇ ಲೇಪವನ್ನು ನಂಬಿ ಒಂದು ಮಹಾನಗರದ ಜನರು 140 ವರ್ಷಗಳಿಂದ ನೀರು ದಾಟುತ್ತಿದ್ದಾರೆಂದರೆ ನಂಬುವಿರಾ? ಬನ್ನಿ, ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಗೆ ಹೋಗೋಣ.

ಸೇತುವೆಯ ಕೆಳಗಿರುವುದು ಈಸ್ಟ್ ರಿವರ್. ಹೆಸರಿಗೆ ನದಿ, ನಿಜದಲ್ಲಿ ಸಮುದ್ರದ ಉಪ್ಪುನೀರು. ವಾಹನಗಳ ದಾರಿಗಿಂತ ಎತ್ತರದಲ್ಲಿ ಕಾಲ್ನಡಿಗೆಯವರಿಗಾಗಿ ಮರದ ಹಲಗೆಗಳ ದಾರಿಯಿದೆ. ಅದರಲ್ಲಿ ನಡೆಯುತ್ತಾ ಹೋದರೆ ಎರಡು ಬೃಹತ್ ಕಲ್ಲಿನ ಗೋಪುರಗಳ ಮೇಲಿಂದ ಇಳಿದು ಬಂದ ಉಕ್ಕಿನ ಹಗ್ಗಗಳು ಕಾಣುತ್ತವೆ. ಇವುಗಳನ್ನು ಕೇಬಲ್ ಎನ್ನುತ್ತಾರೆ. ಇರುವುದು ನಾಲ್ಕೇ. ಒಂದೊಂದೂ ಸುಮಾರು 40 ಸೆಂಟಿಮೀಟರ್ ದಪ್ಪ, ಒಂದೊಂದರೊಳಗೂ ಐದು ಸಾವಿರಕ್ಕಿಂತ ಹೆಚ್ಚು ತಂತಿಗಳು. ಸೇತುವೆಯ ಭಾರವನ್ನು ಮುಖ್ಯವಾಗಿ ಹೊತ್ತಿರುವುದು ಇವೇ.

ಈ ಸೇತುವೆಯ ಹಿಂದೆ ಒಬ್ಬ ಮಹಿಳೆಯ ಶ್ರಮವಿದೆ. ಯೋಜನೆ ರೂಪಿಸಿದ ಜಾನ್ ರೋಬ್ಲಿಂಗ್ 1869ರಲ್ಲಿ ತೀರಿಕೊಂಡರು. ಹೊಣೆ ಹೊತ್ತ ಮಗ ವಾಷಿಂಗ್ಟನ್ 1872ರಲ್ಲಿ ಕಾಯಿಲೆ ಬಿದ್ದು ಮನೆಯಲ್ಲೇ ಉಳಿಯಬೇಕಾಯಿತು. ಆಗ ಪತ್ನಿ ಎಮಿಲಿ ಗಣಿತ, ವಸ್ತುಗಳ ಬಲ, ಕೇಬಲ್ ಕಟ್ಟುವ ಕ್ರಮ ಎಲ್ಲವನ್ನೂ ಕಲಿತರು. ಪತಿಯ ಸೂಚನೆಗಳನ್ನು ಹೊತ್ತು ವರ್ಷಗಟ್ಟಲೆ ಕೆಲಸದ ಸ್ಥಳಕ್ಕೆ ಹೋಗಿ ಬಂದರು.

ಮಾವ ಜಾನ್ ಕಟ್ಟಿದ ಹಿಂದಿನ ಸೇತುವೆಗಳಲ್ಲಿ ಕಬ್ಬಿಣದ ತಂತಿಗಳಿದ್ದವು. ಇಲ್ಲಿ ಉಕ್ಕಿನ ತಂತಿಯನ್ನು ಬಳಸಿ, ಅದಕ್ಕೆ ಸತು ಲೇಪಿಸಲಾಯಿತು. ತಂತಿಯನ್ನು ಶುಚಿಗೊಳಿಸಿ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವುದೇ ಈ ವಿಧಾನ. ಸತು ಎರಡು ಬಗೆಯಲ್ಲಿ ಕಾಯುತ್ತದೆ. ಒಂದು, ನೀರು ಮತ್ತು ಗಾಳಿ ಉಕ್ಕನ್ನು ಮುಟ್ಟದಂತೆ ತಡೆಯುತ್ತದೆ. ಎರಡು, ಲೇಪದಲ್ಲಿ ಗೀರು ಬಿದ್ದರೂ ಉಕ್ಕಿಗಿಂತ ಮೊದಲು ತಾನೇ ಸವೆಯುತ್ತದೆ. ಬಣ್ಣಕ್ಕೆ ಈ ಗುಣವಿಲ್ಲ. ಬಣ್ಣ ಬಿರಿದ ಕಡೆ ತುಕ್ಕು ಒಳಗೆ ನುಗ್ಗುತ್ತದೆ.

ಆದರೆ ಲೇಪ ಎಷ್ಟೇ ಚೆನ್ನಾಗಿದ್ದರೂ ಒಳಗಿನ ತಂತಿಯೇ ಕೆಟ್ಟದ್ದಾದರೆ? 1878ರಲ್ಲಿ ಮೋಸವೊಂದು ಬಯಲಾಯಿತು. ತಂತಿ ಒದಗಿಸುತ್ತಿದ್ದ ಲಾಯ್ಡ್ ಹೇಗ್ ಎಂಬ ಗುತ್ತಿಗೆದಾರ ಪರೀಕ್ಷೆಯಲ್ಲಿ ಗೆದ್ದ ತಂತಿಯನ್ನು ತೋರಿಸಿ, ದಾರಿಯಲ್ಲಿ ಅದನ್ನು ಬದಲಾಯಿಸಿ ತಿರಸ್ಕೃತ ಮಾಲನ್ನು ಕಳುಹಿಸುತ್ತಿದ್ದ. ಕೇಬಲಿನೊಳಗೆ ಸೇರಿಹೋದುದನ್ನು ಹೊರತೆಗೆಯುವಂತಿರಲಿಲ್ಲ. ಬೇಕಾದುದಕ್ಕಿಂತ ಆರು ಪಟ್ಟು ಬಲ ಇಟ್ಟುಕೊಂಡಿದ್ದ ವಾಷಿಂಗ್ಟನ್, ಇನ್ನೂ ಐದು ಪಟ್ಟಾದರೂ ಉಳಿದಿದೆ ಎಂದು ಲೆಕ್ಕ ಹಾಕಿದರು. ಪ್ರತಿ ಕೇಬಲಿಗೂ ಸುಮಾರು 150 ಒಳ್ಳೆಯ ತಂತಿಗಳನ್ನು ಹೆಚ್ಚಾಗಿ ಸೇರಿಸಿದರು. ಆ ಕೆಟ್ಟ ತಂತಿಗಳು ಇಂದಿಗೂ ಅಲ್ಲೇ ಇವೆ. 1883ರ ಮೇ 24ರಂದು ಸೇತುವೆ ತೆರೆಯಿತು. ಇಂದು ಅದರ ಮೇಲೆ ಎಮಿಲಿಯ ಹೆಸರಿನ ಫಲಕವಿದೆ.

ಈಗ ಅದೇ ನೀರಿನಗುಂಟ ಉತ್ತರಕ್ಕೆ ಸಾಗೋಣ. ಮ್ಯಾನ್‌ಹಟನ್ ಸೇತುವೆ ದಾಟಿದರೆ ಮುಂದೆ ಸಿಗುವುದು ವಿಲಿಯಮ್ಸ್‌ಬರ್ಗ್ ಸೇತುವೆ. 1903ರಲ್ಲಿ ತೆರೆದ ಇದು ಆ ಕಾಲದ ಹೆಮ್ಮೆ, ಬ್ರೂಕ್ಲಿನ್ ಸೇತುವೆಗಿಂತ ತುಸು ಉದ್ದ. ಆದರೆ ಇದರ ಕೇಬಲುಗಳ ತಂತಿಗೆ ಸತು ಲೇಪಿಸಿರಲಿಲ್ಲ. ಎಣ್ಣೆ ಬಳಿದು ಮೇಲೆ ಹೊದಿಕೆ ಸುತ್ತಿದರೆ ಸಾಕೆಂದು ಭಾವಿಸಲಾಗಿತ್ತು. ಹೊದಿಕೆಯ ಸಂದುಗಳಿಂದ ನೀರು ಇಳಿಯಿತು. ತಂತಿಗಳು ತುಕ್ಕು ಹಿಡಿದವು. 1988ರ ಏಪ್ರಿಲ್‌ನಲ್ಲಿ ಸೇತುವೆಯ ಹಲವು ಭಾಗಗಳು ಶಿಥಿಲವಾಗಿರುವುದು ಕಂಡು ಸಂಚಾರವನ್ನೇ ನಿಲ್ಲಿಸಬೇಕಾಯಿತು. ಆಮೇಲೆ ಕೇಬಲುಗಳನ್ನು ಬಿಡಿಸಿ, ಎಣ್ಣೆ ಉಣಿಸಿ, ಮರಳಿ ಸುತ್ತಿ ಸೇತುವೆಯನ್ನು ಉಳಿಸಿಕೊಂಡರು. ಮೊದಲೇ ಸತುವಿನಲ್ಲಿ ಅದ್ದಿದ್ದರೆ ಎಷ್ಟೊಂದು ಕಷ್ಟ ತಪ್ಪುತ್ತಿತ್ತು!

ಸತುವೂ ಶಾಶ್ವತವಲ್ಲ, ಅದೂ ನಿಧಾನವಾಗಿ ಮುಗಿಯುತ್ತದೆ. ಆದ್ದರಿಂದಲೇ ಈಗ ಸತುವಿಗೆ ಅಲ್ಯೂಮಿನಿಯಂ ಬೆರೆಸಿದ ಲೇಪವೂ ಬಂದಿದೆ. 1998ರಲ್ಲಿ ತೆರೆದ ಜಪಾನಿನ ಆಕಾಶಿ ಸೇತುವೆಯಲ್ಲಿ ಕೇಬಲಿನೊಳಗೆ ಒಣಗಾಳಿಯನ್ನೂ ಹಾಯಿಸುತ್ತಾರೆ.

ಮತ್ತೆ ಬ್ರೂಕ್ಲಿನ್ ಸೇತುವೆಯ ನಡುವೆ ನಿಂತು ನೋಡಿ. ಮಗುವಿನ ಕೈ ಹಿಡಿದು ನಡೆಯುವ ತಾಯಂದಿರಿಗೆ ಹಗ್ಗದೊಳಗಿನ ತಂತಿ ಕಾಣುವುದಿಲ್ಲ, ಅದರ ಮೇಲಿನ ಸತುವೂ ಕಾಣುವುದಿಲ್ಲ. ಯಾರೋ ನೂರಾರು ವರ್ಷ ಮುಂದೆ ನೋಡಿ, ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರಿಂದ ಅವರು ನಿಶ್ಚಿಂತೆಯಿಂದ ದಾಟುತ್ತಿದ್ದಾರೆ. ಯಾರ ಕಣ್ಣಿಗೂ ಬೀಳದ ನಮ್ಮ ಕೆಲಸಗಳನ್ನು ನಾವು ಹೇಗೆ ಮಾಡುತ್ತಿದ್ದೇವೆ? ಇನ್ನೊಮ್ಮೆ ಆ ಬಕೆಟನ್ನು ಎತ್ತುವಾಗ ಯೋಚಿಸಿ ನೋಡಿ.