ಕಿರೀಟದೊಳಗಿನ ಸಂಸಾರ

ಮನುಷ್ಯನ ಕಣ್ಣು ಮೊದಲು ಬೀಳುವುದು ಕಿರೀಟದ ಮೇಲೆ. ನಾಟಕದಲ್ಲಿ ರಾಜನ ಪಾತ್ರಧಾರಿಗೆ ಸಲ್ಲುವ ಚಪ್ಪಾಳೆ, ತೆರೆಯ ಹಿಂದೆ ಹಗ್ಗವೆಳೆಯುವವನಿಗೆ ಎಂದಾದರೂ ಸಂದುದುಂಟೆ? ಕೊರೋನಾ ಎಂಬ ಮಾತಿಗೂ ಕಿರೀಟವೆಂದೇ ಅರ್ಥ. ಆದ್ದರಿಂದ ಆ ವೈರಾಣುವಿನ ಮೈಮೇಲಿನ ಮುಳ್ಳುಗಳಿಗೆ, ಎಂದರೆ ಸ್ಪೈಕ್ ಪ್ರೋಟೀನಿಗೆ, ದೊರೆತ ಪ್ರಸಿದ್ಧಿ ಆಶ್ಚರ್ಯದ್ದೇನಲ್ಲ. 2021ರಲ್ಲಿ ನಮ್ಮ ಬೀದಿಯ ಹಾಲಿನವನೂ ಅದರ ಹೆಸರು ಬಲ್ಲವನಾಗಿದ್ದನು. ನಾನೂ ಎಲ್ಲವನ್ನೂ ಬಲ್ಲೆನೆಂದೇ ಭಾವಿಸಿದ್ದೆನು.

ಆ ವರ್ಷದ ಮೇ ತಿಂಗಳಲ್ಲಿ, ಜ್ವರ ಬಂದ ಹನ್ನೆರಡನೆಯ ದಿನ, ನನ್ನ ಅಣ್ಣ ತೀರಿಕೊಂಡನು. ಹೋಲ್ಡಾಲ್ ಕಟ್ಟುವುದರಲ್ಲಿ ನಮ್ಮ ಮನೆತನಕ್ಕೆಲ್ಲ ಅವನದು ಎತ್ತಿದ ಕೈ. ಹಾಸಿಗೆ, ಕಂಬಳಿ, ನಾಲ್ವರ ಬಟ್ಟೆ, ಅತ್ತಿಗೆಯ ಚಟ್ನಿಪುಡಿಯ ಡಬ್ಬ, ಎಲ್ಲವನ್ನೂ ಒಂದೇ ಸುರುಳಿಯಲ್ಲಿ ಅಡಗಿಸಿ, ಮೊಣಕಾಲೂರಿ ಪಟ್ಟಿ ಬಿಗಿದು, "ಆಯಿತು, ನಡೆಯಿರಿ" ಎನ್ನುವನು. ಮುಂದೆ 2022ರ ಜನವರಿಯಲ್ಲಿ ಅದೇ ವ್ಯಾಧಿ ನನ್ನನ್ನೂ ಹಿಡಿಯಿತು. ಎರಡು ದಿನ ಜ್ವರ, ನಾಲ್ಕು ದಿನ ಗಂಟಲುನೋವು, ಒಂದಿಷ್ಟು ಮೆಣಸಿನ ಸಾರು, ಅಲ್ಲಿಗೆ ಮುಗಿಯಿತು. ಗುಣವಾದ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತೆಂದರೆ ಓದುಗರು ನಂಬಬೇಕು. ಅಣ್ಣನನ್ನು ಕೊಂಡೊಯ್ದ ವ್ಯಾಧಿ ನನ್ನನ್ನು ಬರಿದೆ ಸವರಿಕೊಂಡು ಹೋದುದೇಕೆ?

ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ಧೈರ್ಯ ಬಂದುದು 2023ರ ಬೇಸಗೆಯಲ್ಲಿ. ಅಣ್ಣನ ಮಗಳು ಸೂಕ್ಷ್ಮಜೀವಿಶಾಸ್ತ್ರ ಓದಿದವಳು. ಸಂಶೋಧನೆಗೆಂದು ಪರಸ್ಥಳಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಳು.

"ಎಲ್ಲವೂ ಆ ಮುಳ್ಳಿನ ಮಹಿಮೆಯೇ ಅಲ್ಲವೇನಮ್ಮ?" ಎಂದೆ.

"ಅಲ್ಲ ಚಿಕ್ಕಪ್ಪ. ಮುಳ್ಳು ಬಾಗಿಲ ಬೀಗ ತೆಗೆಯುವ ಕೈ. ಒಳಗೆ ಹೊಕ್ಕ ಮೇಲೆ ಸಂಸಾರ ನಡೆಸುವವರು ಬೇರೆ ಇದ್ದಾರೆ" ಎಂದಳು.

ವೈರಾಣುವಿನ ಆರ್‌ಎನ್‌ಎ ಸುಮಾರು 30,000 ಅಕ್ಷರಗಳ ಒಂದು ಗ್ರಂಥವಂತೆ. ಅದರಲ್ಲಿ ಮುಳ್ಳಿನ ಅಧ್ಯಾಯ 4,000 ಅಕ್ಷರಗಳಿಗೂ ಕಡಿಮೆ, ಎಂದರೆ ಎಂಟರಲ್ಲಿ ಒಂದು ಪಾಲು. ಪ್ರತಿ ತೆಗೆಯುವಾಗ ಲಿಪಿಕಾರನ ತಪ್ಪುಗಳು ಉಳಿದ ಏಳು ಪಾಲಿನಲ್ಲಿಯೂ ನುಸುಳುತ್ತವೆ. ಬಹುಪಾಲು ತಪ್ಪುಗಳಿಂದ ಏನೂ ಆಗುವುದಿಲ್ಲ. ಕೆಲವು ಮಾತ್ರ ವೈರಾಣುವಿಗೆ ವರವಾಗುತ್ತವೆ.

"ಡೆಲ್ಟಾವನ್ನೇ ತೆಗೆದುಕೊಳ್ಳಿ" ಎಂದಳು. ಅಣ್ಣ ಹೋದ ತಿಂಗಳು ನಮ್ಮಲ್ಲಿ ಹಬ್ಬಿದ್ದುದು ಅದೇ. ಉದ್ದನೆಯ ಆರ್‌ಎನ್‌ಎ ಎಳೆಯನ್ನು ಮಡಿಸಿ, ಸುತ್ತಿ, ಹೊಸ ವೈರಾಣುವಿನೊಳಕ್ಕೆ ತುಂಬುವ ಕೆಲಸ ನ್ಯೂಕ್ಲಿಯೊಕ್ಯಾಪ್ಸಿಡ್ ಎಂಬ ಪ್ರೋಟೀನಿನದು. ಡೆಲ್ಟಾದಲ್ಲಿ ಅದರ 203ನೆಯ ಸ್ಥಾನದ ಅಮೈನೋ ಆಮ್ಲ ಬದಲಾಗಿದ್ದಿತು. 2020ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಜೆನಿಫರ್ ಡೌಡ್ನಾ ಅವರೂ ಸಂಗಡಿಗರೂ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಪರೀಕ್ಷಿಸಿದರು. ರೋಗ ತರಲಾರದ ಪೊಳ್ಳು ಕಣಗಳಲ್ಲಿ ಆ ಬದಲಾವಣೆಯನ್ನು ಇರಿಸಿದಾಗ, ಅವು ಜೀವಕೋಶಕ್ಕೆ ಮುಟ್ಟಿಸಿದ ಸರಕು ಸುಮಾರು 10 ಪಟ್ಟು ಏರಿತು. ಪ್ರಯೋಗಶಾಲೆಯ ವೈರಾಣುವಿನಲ್ಲಿ ಅದೊಂದೇ ಬದಲಾವಣೆ ಮಾಡಿದಾಗ 50 ಪಟ್ಟಿಗೂ ಹೆಚ್ಚು ವೈರಾಣು ಹುಟ್ಟಿತು. 2021ರ ಕೊನೆಗೆ ಇದು ಪ್ರಕಟವಾಯಿತು.

ನಾನು ಮಾತಿಲ್ಲದೆ ಕುಳಿತೆ. ಗಂಟು ಕಟ್ಟುವುದರಲ್ಲಿ ಅಷ್ಟು ನಿಪುಣನಾಗಿದ್ದ ಅಣ್ಣನನ್ನು, ಗಂಟು ಕಟ್ಟಲು ಚೆನ್ನಾಗಿ ಕಲಿತ ವೈರಾಣುವೇ ಒಯ್ದಿತೆ?

ಅವಳು ಮುಂದುವರಿಸಿದಳು. ಡೆಲ್ಟಾಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಹಬ್ಬಿದ ಆಲ್ಫಾದ ಉಪಾಯ ಬೇರೆ. ಕಳ್ಳ ಹೊಕ್ಕೊಡನೆ ಜೀವಕೋಶವು ಇಂಟರ್‌ಫೆರಾನ್ ಎಂಬ ಗಂಟೆ ಬಾರಿಸುತ್ತದೆ. ಆಲ್ಫಾ ಓಆರ್‌ಎಫ್ 9ಬಿ ಮೊದಲಾದ ಒಳಗಿನ ಪ್ರೋಟೀನುಗಳನ್ನು ಹೆಚ್ಚಾಗಿ ತಯಾರಿಸಿ, ಆ ಗಂಟೆಯ ನಾಲಗೆಯನ್ನೇ ಕಟ್ಟುತ್ತಿದ್ದಿತು. ಇದಕ್ಕೆ ಕಾರಣವಾದ ಬದಲಾವಣೆಗಳೂ ಮುಳ್ಳಿನ ಹೊರಗಿನವೇ.

"ನನಗೆ ಬಂದುದರ ಕಥೆಯೇನು?"

ಆ ಜನವರಿಯಲ್ಲಿ ಊರೆಲ್ಲ ಒಮಿಕ್ರಾನ್. ದೇಶದಲ್ಲಿ ಅದು ಮೊದಲು ಪತ್ತೆಯಾದುದು ನಮ್ಮ ಕರ್ನಾಟಕದಲ್ಲಿಯೇ, 2021ರ ಡಿಸೆಂಬರಿನಲ್ಲಿ. ಬಾಸ್ಟನ್ನಿನ ವಿಜ್ಞಾನಿಗಳು ಮೂಲ ವೈರಾಣುವಿಗೆ ಒಮಿಕ್ರಾನಿನ ಮುಳ್ಳನ್ನು ತೊಡಿಸಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಅಪ್ಪಟ ಒಮಿಕ್ರಾನ್ ಹೊಕ್ಕ ಇಲಿಗಳು ಬದುಕಿದವು. ಮುಳ್ಳನ್ನು ಮಾತ್ರ ಎರವಲು ಪಡೆದುದು ನೂರಕ್ಕೆ 80ನ್ನು ಕೊಂದಿತು. ಎಂದರೆ ಒಮಿಕ್ರಾನಿನ ಸೌಮ್ಯತೆಗೆ ಮುಳ್ಳೊಂದೇ ಕಾರಣವಲ್ಲ. ಎನ್‌ಎಸ್‌ಪಿ 6 ಎಂಬ ಒಳಗಿನ ಪ್ರೋಟೀನಿನ ಬದಲಾವಣೆಯೂ ಅದರ ಕಸುವನ್ನು ಕುಂದಿಸಿದ್ದಿತೆಂದು 2023ರಲ್ಲಿ ಅವರು ವರದಿ ಮಾಡಿದರು.

"ಹಾಗಾದರೆ ಇದೇ ಉತ್ತರವೆನ್ನು" ಎಂದೆ, ಹಗುರವಾದ ಮನಸ್ಸಿನಿಂದ.

ಅವಳು ತಲೆಯಾಡಿಸಿದಳು. "ಇಷ್ಟೇ ಅಲ್ಲ ಚಿಕ್ಕಪ್ಪ. ನಿಮಗೆ ಎರಡು ಡೋಸು ಲಸಿಕೆ ಆಗಿತ್ತು, ಅಪ್ಪನಿಗೆ ಒಂದೇ. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ಅಪ್ಪನ ಮೈಯೊಳಗೆ ಇದ್ದುದು ಯಾವ ಬಗೆಯದೆಂದು ಯಾರೂ ಓದಿ ನೋಡಲಿಲ್ಲ. ಒಂದು ತಪ್ಪಿನ ಮೇಲೆ ಎಲ್ಲ ಹೊರೆ ಹಾಕಬಾರದು." ತುಸು ತಡೆದು, "ಮುಳ್ಳನ್ನು ಓದುವವರು ಬೇಕಾದಷ್ಟು ಮಂದಿ ಇದ್ದಾರೆ. ಉಳಿದ ಏಳು ಪಾಲನ್ನು ಓದೋಣವೆಂದು ಹೊರಟಿದ್ದೇನೆ" ಎಂದಳು.

ಮರುದಿನ ಅಟ್ಟದಿಂದ ಅಣ್ಣನ ಹೋಲ್ಡಾಲನ್ನು ಇಳಿಸಿದೆವು. ನಾನು ಎಷ್ಟು ಹೆಣಗಿದರೂ ಪಟ್ಟಿ ಕೊಂಡಿಗೆ ಮುಟ್ಟಲಿಲ್ಲ. ಅವಳು ನನ್ನನ್ನು ಸರಿಸಿ, ಎಲ್ಲವನ್ನೂ ಬಿಚ್ಚಿ ಮತ್ತೆ ಸುತ್ತಿ, ಮೊಣಕಾಲೂರಿ ಬಿಗಿದಳು.

"ಆಯಿತು, ನಡೆಯಿರಿ" ಎಂದಳು.

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಆಟೋ ಕರೆತರುವ ನೆಪದಲ್ಲಿ ಬೀದಿಗಿಳಿದೆ.