ಕಪೆರ್ನೌಮಿನ ಕರಿಗಲ್ಲು

ಕಲ್ಲೂರಿನಲ್ಲಿ ಹುಟ್ಟಿದವನಿಗೆ ಕಲ್ಲಿನ ಮೇಲೆ ತುಸು ಹೆಚ್ಚಿನ ಮಮತೆ ಇರುವುದು ಸಹಜ. ಊರಿನ ಹೆಸರೇ ಅದು. ನಮ್ಮ ಮಾರ್ಕಂಡೇಶ್ವರ ಗುಡಿಯ ಕರಿಗಲ್ಲಿನ ಕಂಬಗಳಿಗೆ ಒರಗಿ ಕುಳಿತು ಬೆಳೆದವನು ನಾನು. 2019ರ ಫೆಬ್ರುವರಿಯಲ್ಲಿ ಇಸ್ರೇಲಿನ ಗಲಿಲಾಯ ಸರೋವರದ ದಂಡೆಯಲ್ಲಿರುವ ಕಪೆರ್ನೌಮಿನಲ್ಲಿ ಬಸ್ಸಿನಿಂದ ಇಳಿದಾಗಲೂ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅಲ್ಲಿಯ ಕರಿಗಲ್ಲೇ.

ಅಲ್ಲಿಗೆ ಹೋಗಿದ್ದು ಹೇಗೆಂದು ಹಲವು ಶಿಷ್ಯರು ಕೇಳಿದ್ದಾರೆ. ನಮ್ಮ ಶಾಲೆಯಲ್ಲಿ ಕನ್ನಡ ಬೋಧಿಸುತ್ತಿದ್ದ ಅಕ್ಕೋರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕ್ರೈಸ್ತ ಮನೆತನದ ಆ ಹಿರಿಯರಿಗೆ ಯೇಸು ನಡೆದಾಡಿದ ನೆಲವನ್ನು ಕಾಣಬೇಕೆಂಬ ಹಂಬಲ ಬಹುಕಾಲದ್ದು. ಪಿಂಚಣಿಯಲ್ಲಿ ವರ್ಷಗಟ್ಟಲೆ ಉಳಿಸಿ, ಬೆಂಗಳೂರಿನಿಂದ ಹೊರಡುವ ಯಾತ್ರಿಕರ ತಂಡವೊಂದನ್ನು ಸೇರಿದರು. ಮೊಣಕಾಲಿನ ನೋವಿದ್ದುದರಿಂದ ಒಬ್ಬರೇ ಹೋಗಲು ಧೈರ್ಯ ಸಾಲಲಿಲ್ಲ. "ಮಾಸ್ತರ, ನೀವಿಬ್ಬರೂ ಬರ್ರಿ" ಎಂದರು. ಆಗಷ್ಟೇ ನಿವೃತ್ತನಾಗಿದ್ದೆ, ಹೊರಟೆವು.

ಗಲಿಲಾಯವನ್ನು ಸಮುದ್ರವೆಂದು ಕರೆದರೂ ಅದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರು, ಅಗಲ 13. ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರು ಕೆಳಗಿದೆ. ಅದರ ವಾಯವ್ಯ ದಂಡೆಯ ಬೆಸ್ತರ ಊರು ಕಪೆರ್ನೌಮ್. ಯೇಸು ನಜರೇತನ್ನು ಬಿಟ್ಟು ಬಂದು ನೆಲೆಸಿದ್ದು ಇಲ್ಲಿಯೇ ಎಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಊರು ಪಾಳುಬಿದ್ದು ಎಷ್ಟೋ ಶತಮಾನಗಳ ಬಳಿಕ, 1894ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಆ ನೆಲವನ್ನು ಕೊಂಡರು. 1968ರಿಂದ ಕೊರ್ಬೊ ಮತ್ತು ಲೊಫ್ರೆಡಾ ಎಂಬ ಇಬ್ಬರು ವಿದ್ವಾಂಸರು ಅಲ್ಲಿ ಕ್ರಮಬದ್ಧವಾಗಿ ಉತ್ಖನನ ನಡೆಸಿದರು.

ಮನೆಗಳ ಗೋಡೆಗಳೆಲ್ಲ ಜ್ವಾಲಾಮುಖಿಯ ಕರಿಗಲ್ಲಿನವು. ಅಂಗಳದಲ್ಲಿ ಎಣ್ಣೆಯ ಗಾಣದ ಕಲ್ಲುಗಳನ್ನೂ ಧಾನ್ಯ ಬೀಸುವ ಕಲ್ಲುಗಳನ್ನೂ ಸಾಲಾಗಿ ಇಟ್ಟಿದ್ದಾರೆ. ನನ್ನ ಮಡದಿ ಅವುಗಳ ಮುಂದೆ ಬಹಳ ಹೊತ್ತು ನಿಂತಳು. ತನ್ನ ತವರಿನ ಬೀಸುಕಲ್ಲು ಈಗ ಯಾರ ಹಿತ್ತಲಲ್ಲಿ ಬಿದ್ದಿದೆಯೋ ಎಂದಳು.

ಈ ಕಪ್ಪಿನ ನಡುವೆ ಬಿಳಿಯ ಸುಣ್ಣಕಲ್ಲಿನ ಸಭಾಮಂದಿರವೊಂದು ಹೊಳೆಯುತ್ತ ನಿಂತಿದೆ. ಯೇಸು ಬೋಧಿಸಿದ್ದು ಇಲ್ಲಿಯೇ ಎಂದು ಯಾತ್ರಿಕರು ಕೈಮುಗಿಯುತ್ತಾರೆ. ಆದರೆ ಅದರ ನೆಲದ ಹಾಸುಗಲ್ಲಿನಡಿ ಸಾವಿರಾರು ನಾಣ್ಯಗಳು ದೊರೆತವು. ಅವುಗಳಿಂದಾಗಿ ಕಟ್ಟಡದ ಕಾಲ ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆ ಅಥವಾ ಐದನೆಯ ಶತಮಾನಕ್ಕೆ ಇಳಿಯುತ್ತದೆ. ಅದರಡಿಯಲ್ಲಿ ಕರಿಗಲ್ಲಿನ ಗೋಡೆಗಳಿವೆ. ಅವು ಹಿಂದಿನ ಸಭಾಮಂದಿರದವಾಗಿರಬಹುದೆಂದು ಕೆಲವರ ಅಭಿಪ್ರಾಯ. ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿಯ ಒಂದು ಕಂಬ. ಜೆಬಿದನ ಮಗ ಹಲ್ಫು ಎಂಬಾತ ಇದನ್ನು ಮಾಡಿಸಿದ, ಅವನಿಗೆ ಒಳಿತಾಗಲಿ ಎಂಬ ಅರ್ಥದ ಬರಹವನ್ನು ಅರಮಾಯಿಕ್ ಭಾಷೆಯಲ್ಲಿ ಅದರ ಮೇಲೆ ಕೊರೆದಿದ್ದಾರೆ. ನಮ್ಮ ದಾನಶಾಸನಗಳ ಅಣ್ಣತಮ್ಮನಂತಿದೆ! ಕೊಟ್ಟವನ ಹೆಸರು, ತಂದೆಯ ಹೆಸರು, ಹರಕೆ.

ಅಲ್ಲಿಂದ ನೂರು ಹೆಜ್ಜೆಯೂ ಇಲ್ಲ, ಪೇತ್ರನ ಮನೆ. ಅದರ ಮೇಲೆ 1990ರಲ್ಲಿ ಕಂಬಗಳ ಮೇಲೆ ತೇಲುವಂತೆ ಚರ್ಚು ಕಟ್ಟಿದ್ದಾರೆ. ನಡುವಿನ ಗಾಜಿನ ನೆಲದ ಮೂಲಕ ಕೆಳಗಿನ ಗೋಡೆಗಳು ಕಾಣುತ್ತವೆ. ಅಕ್ಕೋರು ಕಟಕಟೆ ಹಿಡಿದು ಬಹಳ ಹೊತ್ತು ಮೌನವಾಗಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಮಾಸ್ತರ, ನೀವು ಸಮಾಜ ವಿಜ್ಞಾನದವರು. ಇದು ಖರೇನ ಪೇತ್ರನ ಮನಿ ಏನ್ರಿ?"

ಮಸ್ಕಿಯ ಜಿಲ್ಲೆಯಲ್ಲಿ ಪಾಠ ಹೇಳಿದವನು ಇಂಥ ಪ್ರಶ್ನೆಗೆ ಸುಮ್ಮನೆ ತಲೆಯಾಡಿಸಲಾರ. ದೇವಾನಾಂಪ್ರಿಯ ಯಾರೆಂಬ ಚರ್ಚೆ ಎಷ್ಟೋ ವರ್ಷ ನಡೆದಿತ್ತು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯನ್ನು ಕಂಡ ಮೇಲೆ, ಅದರಲ್ಲಿ ಅಶೋಕನೆಂಬ ಹೆಸರೇ ಇದ್ದುದರಿಂದ ಸಂಶಯಕ್ಕೆ ಎಡೆಯುಳಿಯಲಿಲ್ಲ. ಕಲ್ಲು ಹೆಸರು ಹೇಳಿದರೆ ಆ ಮಾತೇ ಬೇರೆ ಎಂದು ನಿಮಗೆಲ್ಲ ಆ ಬಂಡೆಯ ಮುಂದೆಯೇ ನಿಲ್ಲಿಸಿ ಹೇಳಿದ್ದೇನೆ. ಇಲ್ಲಿ ಹಾಗೆ ಹೆಸರು ಕೊರೆದ ಕಲ್ಲಿಲ್ಲ.

ಆದ್ದರಿಂದ ಇದ್ದುದನ್ನು ಇದ್ದಂತೆ ಹೇಳಿದೆ. ಅದು ಬಡಜನರ ಸಾಮಾನ್ಯ ಮನೆ, ಅಲ್ಲಿ ಮೀನಿನ ಗಾಳಗಳೂ ಸಿಕ್ಕಿವೆ. ಸುತ್ತಲಿನ ಮನೆಗಳಲ್ಲಿ ಎಲ್ಲಿಯೂ ಇಲ್ಲದಂತೆ ಒಂದೇ ಒಂದು ಕೋಣೆಗೆ ಗಾರೆ ಬಳಿದಿದ್ದಾರೆ. ಅದು ಮೊದಲ ಶತಮಾನದಲ್ಲೇ ಆರಂಭವಾಯಿತೆಂದು ಉತ್ಖನನಕಾರರು ಹೇಳುತ್ತಾರೆ. ಆ ಗಾರೆಯ ಮೇಲೆ ಭಕ್ತರು ಗೀಚಿದ ಬರಹಗಳಿವೆ. ಅವುಗಳ ಓದಿನಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಐದನೆಯ ಶತಮಾನದಲ್ಲಿ ಅದೇ ಕೋಣೆಯನ್ನು ನಡುವಿಟ್ಟು ಎಂಟು ಮೂಲೆಯ ಚರ್ಚು ಕಟ್ಟಿದರು. ಅಂದರೆ ಇದು ಪೇತ್ರನ ಮನೆಯೆಂಬ ನಂಬಿಕೆ ಬಹಳ ಹಳೆಯದು, ಅದಕ್ಕೆ ಆಧಾರವೂ ಉಂಟು. ಸಂಭವ ಹೆಚ್ಚು, ಖಚಿತವೆನ್ನಲಾರೆ ಎಂದೆ.

ಮಡದಿ ನನ್ನ ತೋಳು ಹಿಂಡಿದಳು. ಅಕ್ಕೋರು ಸ್ವಲ್ಪ ಹೊತ್ತು ಗಾಜಿನೊಳಗೆ ನೋಡಿ, "ಗಾರೆ ಬಳದೋರಿಗೆ ಗೊತ್ತಿತ್ತಲ್ರಿ, ನನಗಷ್ಟು ಸಾಕು" ಎಂದರು. ಹೇಳುವಾಗ ಅವರ ದನಿ ಗಟ್ಟಿಯಾಗಿಯೇ ಇತ್ತು.

ಆ ರಾತ್ರಿ ಹೋಟೆಲಿನಲ್ಲಿ ನನಗೆ ಪಾಠವಾಯಿತು. "ಅಷ್ಟು ದೂರದಿಂದ ಬಂದಾರ. ಹೌದು ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಮಡದಿ. ಇಂದಿಗೂ ಈ ವಾದ ನಮ್ಮ ಮನೆಯಲ್ಲಿ ಮುಗಿದಿಲ್ಲ. ಆದರೆ ಅಕ್ಕೋರಿಗೆ ಬರೀ ಹೌದು ಬೇಕಾಗಿದ್ದರೆ ತಂಡದಲ್ಲಿದ್ದ ನಲವತ್ತು ಜನರಲ್ಲಿ ಯಾರನ್ನು ಕೇಳಿದ್ದರೂ ಸಿಗುತ್ತಿತ್ತು. ಅವರು ನನ್ನನ್ನೇ ಕೇಳಿದರು.

ಮರುದಿನ ಗಿನೋಸರಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ದೋಣಿಯೊಂದನ್ನು ತೋರಿಸಿದರು. 1986ರ ಬರಗಾಲದಲ್ಲಿ ಸರೋವರದ ನೀರು ಇಳಿದಾಗ ಇಬ್ಬರು ಅಣ್ಣತಮ್ಮಂದಿರು ಕೆಸರಿನಲ್ಲಿ ಕಂಡ ದೋಣಿಯದು. ಉದ್ದ ಎಂಟು ಮೀಟರಿಗೂ ತುಸು ಹೆಚ್ಚು, ಕಾಲ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನದು. ಹತ್ತಾರು ಬಗೆಯ ಮರದ ತುಂಡುಗಳಿಂದ ಮತ್ತೆ ಮತ್ತೆ ತೇಪೆ ಹಾಕಿದ್ದಾರೆ. ಒಂದು ಮರಕ್ಕೂ ಇನ್ನೊಂದಕ್ಕೂ ಹೊಂದಿಕೆಯಿಲ್ಲ. ಕೈಯಲ್ಲಿ ಕಾಸಿಲ್ಲದ ಬೆಸ್ತನ ದೋಣಿಯೆಂದು ನೋಡಿದ ಕೂಡಲೇ ತಿಳಿಯುತ್ತದೆ. ಜನರು ಅದನ್ನು ಯೇಸುವಿನ ದೋಣಿ ಎಂದೇ ಕರೆಯುತ್ತಾರೆ.

ಅಕ್ಕೋರು ಫಲಕವನ್ನು ಕೊನೆಯವರೆಗೆ ಓದಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ನನ್ನತ್ತ ನೋಡಿ ನಕ್ಕರು. "ಇದರದು ನಾ ಕೇಳೂದಿಲ್ಲ ಬಿಡ್ರಿ ಮಾಸ್ತರ."